ಶ್ವಾಸಕೋಶದ ಹೆಪ್ಪು ನೋಡುವ ಎಂಆರ್‌ಐಗೆ ಯಾವ ಕಾಂಟ್ರಾಸ್ಟ್? ತಂದೆಯವರ ಕಿಡ್ನಿ ದುರ್ಬಲವಾಗಿದೆ

ಆಲೆಮನೆ ಪಾಂಡವಪುರ (ಸೋಮವಾರ, ರಾತ್ರಿ 9.40)

ನಮ್ಮ ತಂದೆಗೆ 63 ವರ್ಷ. ಸಂಕ್ರಾಂತಿಯ ಮರುವಾರ ಆಲೆಮನೆಯ ಹತ್ತಿರ ಕಬ್ಬಿನ ಸಿಪ್ಪೆಯ ಮೇಲೆ ಕಾಲು ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿಯಿತು. ಜ್ವರ ಬಂದರೂ ಗದ್ದೆಗೆ ಹೋಗುತ್ತಿದ್ದವರು ನಾಲ್ಕು ವಾರ ಮಂಚದಿಂದ ಇಳಿಯಲಿಲ್ಲ. ಒಂದು ಬೆಳಿಗ್ಗೆ ಎದ್ದು ಕುಳಿತವರಿಗೆ ಉಸಿರು ಸಿಕ್ಕಿಕೊಂಡಿತು, ಮೈಯೆಲ್ಲ ಬೆವರಿತು. ಮಂಡ್ಯಕ್ಕೆ ಕರೆದೊಯ್ದೆವು. ಹೃದಯದ ಬಲಭಾಗ ಊದಿದೆ ಎಂದು ಎಕೋದಲ್ಲಿ ಕಂಡಿತು. ಕಿಡ್ನಿ ಎಷ್ಟು ದುರ್ಬಲವೆಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ 2.6 ಇದ್ದುದರಿಂದ ಸಿಟಿಯ ಡೈ ಕೊಡಲು ವೈದ್ಯರು ಹಿಂಜರಿದರು. ಕಾಲಿಗೆ ಡಾಪ್ಲರ್ (ರಕ್ತನಾಳದ ಅಲ್ಟ್ರಾಸೌಂಡ್) ಮಾಡಿದಾಗ ತೊಡೆಯ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು, ಅದೇ ಶ್ವಾಸಕೋಶಕ್ಕೂ ಹೋಗಿರಬೇಕು ಎಂದರು. ಅಲ್ಲಿಂದಲೇ ರಕ್ತ ತೆಳುಮಾಡುವ ಹೆಪಾರಿನ್ ಶುರುವಾಯಿತು. ಜೀವ ಉಳಿಯಿತು.

ಈಗ ನಾಲ್ಕನೆಯ ತಿಂಗಳು. ಮಾತ್ರೆ ಒಂದು ದಿನವೂ ತಪ್ಪಿಲ್ಲ. ಆದರೂ ಮನೆಯ ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ಹೆಪ್ಪು ಇನ್ನೂ ಉಳಿದಿದೆಯೇ ಎಂದು ನೋಡಬೇಕು, ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಎಂಆರ್‌ಐ ಮಾಡಿಸೋಣವೆಂದು ಎರಡು ಕಡೆ ವಿಚಾರಿಸಿದೆ. ಚಿತ್ರ ಸ್ಪಷ್ಟವಾಗಲು ಚುಚ್ಚುವ ಕಾಂಟ್ರಾಸ್ಟ್ ಔಷಧ ಯಾವುದೆಂದರೆ ಒಂದು ಕಡೆ ಗ್ಯಾಡೊಡಯಮೈಡ್ ಎಂದರು, ಇನ್ನೊಂದು ಕಡೆ ಗ್ಯಾಡೊಬ್ಯುಟ್ರಾಲ್ ಎಂದರು. ವ್ಯತ್ಯಾಸವೇನು ಎಂದು ಕೇಳಿದರೆ ಎರಡೂ ಕಡೆ ಬಂದ ಉತ್ತರ ಒಂದೇ: ಎಲ್ಲವೂ ಗ್ಯಾಡೊಲಿನಿಯಂ. ಕಿಡ್ನಿ ಸರಿಯಿಲ್ಲದವರಿಗೆ ಅದನ್ನು ಚುಚ್ಚಿಸಲೇಬೇಡ ಎಂದು ಸೋದರಮಾವ ದಿನಾ ಫೋನ್ ಮಾಡುತ್ತಿದ್ದಾರೆ. ಯಾರ ಮಾತು ನಂಬಲಿ? ತಿಳಿದವರು ಹೇಳಿ.

ವಿಜಯನಗರ ನಾಲ್ಕನೇ ಹಂತ (ಸೋಮವಾರ, ರಾತ್ರಿ 10.05)

ಎಂಆರ್‌ಐನಲ್ಲಿ ವಿಕಿರಣವಿಲ್ಲ. ಸಿಟಿಗಿಂತ ಅದೇ ಒಳ್ಳೆಯದು. ಧೈರ್ಯವಾಗಿ ಮಾಡಿಸಿ.

ರೇಡಿಯಾಲಜಿ ವೈದ್ಯೆ, ಮೈಸೂರು (ಸೋಮವಾರ, ರಾತ್ರಿ 11.20)

ವಿಕಿರಣವಿಲ್ಲ ಎಂಬುದು ನಿಜ. ಆದರೆ ಆ ಒಂದೇ ಕಾರಣಕ್ಕೆ ಒಳ್ಳೆಯದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಮಂಡ್ಯದ ವೈದ್ಯರು ಮಾಡಿದ್ದು ಸರಿ. ಕಾಲಿನಲ್ಲಿ ಹೆಪ್ಪು ಕಂಡ ಮೇಲೆ, ಉಸಿರಾಟದ ತೊಂದರೆಯೂ ಇರುವಾಗ, ಶ್ವಾಸಕೋಶದ ಚಿತ್ರಕ್ಕಾಗಿ ಕಾಯದೆ ಚಿಕಿತ್ಸೆ ಆರಂಭಿಸಬಹುದು. ಎರಡಕ್ಕೂ ಔಷಧ ಒಂದೇ. ಈ ವಿಚಾರದಲ್ಲಿ ನಿಮ್ಮ ಮನಸ್ಸಿನಲ್ಲಿ ಕೊರಗು ಬೇಡ.

ಎರಡನೆಯದು, ರಕ್ತ ತೆಳುಮಾಡುವ ಮಾತ್ರೆ ಎಂದು ನಾವೆಲ್ಲ ಕರೆಯುವ ಔಷಧ ಹಳೆಯ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ಕೆಲವರಲ್ಲಿ ಅದು ಪೂರ್ತಿಯಾಗುವುದಿಲ್ಲ. ಉಳಿದ ಹೆಪ್ಪು ನಾರಿನಂತೆ ಗಟ್ಟಿಯಾಗಿ ಅಪಧಮನಿಯ ಗೋಡೆಗೆ ಅಂಟಿಕೊಂಡು ಶ್ವಾಸಕೋಶದೊಳಗಿನ ಒತ್ತಡ ಏರುತ್ತದೆ. ಮೂರು ತಿಂಗಳು ಸರಿಯಾಗಿ ಔಷಧ ತೆಗೆದುಕೊಂಡ ಮೇಲೂ ಏದುಸಿರು ಹೋಗದಿದ್ದರೆ ನಾವು ಹುಡುಕುವುದು ಇದನ್ನೇ. ಈ ಹುಡುಕಾಟಕ್ಕೆ ಮೊದಲ ಪರೀಕ್ಷೆ ಎಂಆರ್‌ಐ ಅಲ್ಲ, ಸಿಟಿಯೂ ಅಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಮಾಡುವ ವಿ-ಕ್ಯೂ ಸ್ಕ್ಯಾನ್. ಗಾಳಿ ಎಲ್ಲಿ ಹೋಗುತ್ತಿದೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಎರಡು ಚಿತ್ರ ತೆಗೆದು ಪಕ್ಕಪಕ್ಕದಲ್ಲಿ ಇಡುತ್ತಾರೆ. ಗಾಳಿ ಹೋಗಿ ರಕ್ತ ಹೋಗದ ಜಾಗವಿದ್ದರೆ ಅಲ್ಲಿ ಅಡಚಣೆಯಿದೆ ಎಂದು ಅರ್ಥ. ಇದಕ್ಕೆ ಬಳಸುವ, ಟೆಕ್ನೀಷಿಯಂ ಎಂಬ ವಿಕಿರಣ ಧಾತು ಬೆರೆಸಿದ ಆಲ್ಬುಮಿನ್ ಪ್ರೋಟೀನ್ ಕಿಡ್ನಿಗೆ ಹೊರೆಯಾಗುವುದಿಲ್ಲ. ರಕ್ತ ಎಲ್ಲ ಕಡೆಯೂ ಸರಿಯಾಗಿ ಹರಿಯುತ್ತಿದೆ ಎಂದು ಬಂದರೆ ಹಳೆಯ ಹೆಪ್ಪಿನ ಕಾಯಿಲೆ ಬಹುಮಟ್ಟಿಗೆ ಇಲ್ಲವೆಂದೇ ತಿಳಿಯಬಹುದು.

ಆದ್ದರಿಂದ ಯಾವ ಕಾಂಟ್ರಾಸ್ಟ್ ಎಂಬುದಕ್ಕಿಂತ ಮೊದಲು ಯಾವ ಸ್ಕ್ಯಾನ್ ಎಂದು ವೈದ್ಯರನ್ನು ಕೇಳಿ. ಎಂಆರ್‌ಐ ಬೇಕೇಬೇಕು ಎಂದರೆ ಆಗ ಔಷಧದ ಹೆಸರು ನಿಜವಾಗಿಯೂ ಮುಖ್ಯ. "ಎಲ್ಲವೂ ಗ್ಯಾಡೊಲಿನಿಯಂ" ಎಂಬ ಉತ್ತರ ನಿಮ್ಮ ತಂದೆಯಂಥವರ ವಿಷಯದಲ್ಲಿ ತಪ್ಪು.

ಆಲೆಮನೆ ಪಾಂಡವಪುರ (ಮಂಗಳವಾರ, ಬೆಳಿಗ್ಗೆ 6.15)

ಮೇಡಂ, ತುಂಬಾ ಉಪಕಾರವಾಯಿತು. ಹಾಲು ಡೇರಿಗೆ ಹಾಕಿ ಬಂದು ಎರಡು ಸಲ ಓದಿದೆ. ಕೊನೆಯ ಮಾತನ್ನು ಬಿಡಿಸಿ ಹೇಳುತ್ತೀರಾ? ಒಂದೇ ಲೋಹ ಎಂದ ಮೇಲೆ ಹೆಸರಿನಲ್ಲಿ ಏನು ಬದಲಾಗುತ್ತದೆ?

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಮಂಡ್ಯ (ಮಂಗಳವಾರ, ಬೆಳಿಗ್ಗೆ 8.30)

ತಮ್ಮಾ, ಈ ಭಾಗವನ್ನು ನಾನು ಹೇಳುತ್ತೇನೆ, ಮೇಡಂ ತಪ್ಪಿದ್ದರೆ ತಿದ್ದಲಿ.

ಗ್ಯಾಡೊಲಿನಿಯಂ ಪರಮಾಣು ಸಂಖ್ಯೆ 64ರ ಲೋಹ. ಅದರ ಅಯಾನಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಏಳು ಇವೆ. ಆ ಕಾರಣದಿಂದ ಯಂತ್ರ ಕದಲಿಸಿದ ಸುತ್ತಲಿನ ನೀರಿನ ಹೈಡ್ರೋಜನ್‌ಗಳನ್ನು ಅದು ಬೇಗ ಮೂಲಸ್ಥಿತಿಗೆ ಮರಳಿಸುತ್ತದೆ, ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಇದು ಅದರ ಗುಣ. ದೋಷವೆಂದರೆ, ಅದರ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಹತ್ತಿರ. ಬಿಡಿಯಾಗಿ ರಕ್ತಕ್ಕೆ ಸೇರಿದರೆ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಗಳಿಗೆ ಅಡ್ಡ ನಿಲ್ಲುತ್ತದೆ, ವಿಷವಾಗುತ್ತದೆ. ಹಾಗಾಗಿ ಅದನ್ನು ಒಂದು ಸಾವಯವ ಅಣುವಿನೊಳಗೆ ಕಟ್ಟಿಯೇ ಕೊಡಬೇಕು.

ಕಟ್ಟುವ ರೀತಿ ಎರಡು. ಗಡಿಗೆಗೆ ಹಗ್ಗ ಸುತ್ತಿ ತೂಗುಹಾಕುವುದು ಒಂದು. ಹಗ್ಗದ ತುದಿಗಳು ತೆರೆದೇ ಇರುತ್ತವೆ, ಹೊತ್ತು ಕಳೆದಂತೆ ಸಡಿಲಬಹುದು. ಗಡಿಗೆಯನ್ನು ನೆಲುವಿನೊಳಗೆ ಇಡುವುದು ಇನ್ನೊಂದು. ಸುತ್ತಲೂ ಹೆಣೆದಿರುವುದರಿಂದ ಜಾರುವುದಿಲ್ಲ. ಮೊದಲ ಜಾತಿಯನ್ನು ಸರಳರೇಖೆಯ ರಚನೆ ಎನ್ನುತ್ತಾರೆ. ಗ್ಯಾಡೊಡಯಮೈಡ್, ಗ್ಯಾಡೊಪೆಂಟಿಟೇಟ್ ಈ ಗುಂಪಿನವು. ಎರಡನೆಯದು ಉಂಗುರದ ರಚನೆ. ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರೇಟ್, ಗ್ಯಾಡೊಟೆರಿಡಾಲ್ ಆ ಗುಂಪಿನವು. ಆರೋಗ್ಯವಂತರ ಕಿಡ್ನಿ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿರುವ ಔಷಧದ ಅರ್ಧವನ್ನು ಹೊರಹಾಕುತ್ತದೆ, ಹಗ್ಗ ಸಡಿಲಲು ಸಮಯವೇ ಸಿಗುವುದಿಲ್ಲ. ಕಿಡ್ನಿ ಸೋತವರಲ್ಲಿ ಅದು ದಿನಗಟ್ಟಲೆ ಸುತ್ತುತ್ತದೆ. ಅಪಾಯವಿರುವುದು ಇಲ್ಲಿ.

ರೇಡಿಯಾಲಜಿ ವೈದ್ಯೆ, ಮೈಸೂರು (ಮಂಗಳವಾರ, ಮಧ್ಯಾಹ್ನ 2.10)

ಮೇಷ್ಟ್ರೇ, ತಿದ್ದುವಂಥದ್ದೇನೂ ಇಲ್ಲ. ನೆಲುವಿನ ಮಾತನ್ನು ನಾನು ರೋಗಿಗಳಿಗೆ ಹೇಳುತ್ತೇನೆ.

ಅಪಾಯದ ಹೆಸರು ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್. ಚರ್ಮ ಹಲಗೆಯಂತೆ ಗಟ್ಟಿಯಾಗಿ ಕೀಲುಗಳು ಮಡಚದಂತಾಗುವ ಕಾಯಿಲೆ. 2000ದಲ್ಲಿ ಮೊದಲು ವರದಿಯಾಯಿತು, 2006ರಲ್ಲಿ ಆಸ್ಟ್ರಿಯಾದ ವೈದ್ಯರೊಬ್ಬರು ಗ್ಯಾಡೊಲಿನಿಯಂ ಜೊತೆಗಿನ ನಂಟನ್ನು ಗುರುತಿಸಿದರು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅತಿ ಗಂಭೀರ ಎಚ್ಚರಿಕೆ ಹಾಕಿತು. ನಿಮ್ಮ ಸೋದರಮಾವ ಕೇಳಿರುವುದು ಈ ಕಥೆಯನ್ನೇ. ಅವರ ಭಯಕ್ಕೆ ಆಧಾರವಿದೆ, ಆದರೆ ಕಥೆ ಅಲ್ಲಿಗೆ ನಿಂತಿಲ್ಲ. ಆ ಪ್ರಕರಣಗಳಲ್ಲಿ ಬಹುಪಾಲು ಗ್ಯಾಡೊಡಯಮೈಡ್, ಗ್ಯಾಡೊಪೆಂಟಿಟೇಟ್, ಗ್ಯಾಡೊವರ್ಸೆಟಮೈಡ್ ಪಡೆದವರದು. ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 30 ಮಿಲಿಗಿಂತ ಕೆಳಗಿರುವವರಿಗೆ ಈ ಮೂರನ್ನು ಕೊಡಬಾರದು. 63 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 2.6 ಎಂದರೆ ಆ ಶಕ್ತಿ ಸುಮಾರು 27. ಅಂದರೆ ಗ್ಯಾಡೊಡಯಮೈಡ್ ಎಂದ ಕಡೆಗೆ ನೀವು ಹೋಗಲೇಬಾರದು. ಉಂಗುರದ ಗುಂಪಿನ ಔಷಧಗಳಲ್ಲಿ ಈ ಕಾಯಿಲೆಯ ಸಾಧ್ಯತೆ ಅತ್ಯಂತ ಕಡಿಮೆ. ನಿಜವಾದ ಅಗತ್ಯವಿದ್ದರೆ 27ರಲ್ಲೂ ಕೊಡುತ್ತೇವೆ.

ನಡುವೆ ನಿಲ್ಲುವುದು ಒಂದಿದೆ: ಗ್ಯಾಡೊಬೆನೇಟ್. ರಚನೆ ಸರಳರೇಖೆಯದು. ಆದರೆ ರಕ್ತದ ಆಲ್ಬುಮಿನ್‌ಗೆ ಸ್ವಲ್ಪ ಅಂಟಿಕೊಳ್ಳುವುದರಿಂದ ರಕ್ತನಾಳ ಹೆಚ್ಚು ಹೊಳೆಯುತ್ತದೆ. ಅಮೆರಿಕದ ರೇಡಿಯಾಲಜಿ ಕಾಲೇಜು ಇದನ್ನು ಉಂಗುರದ ಔಷಧಗಳ ಜೊತೆಗೇ ಕಡಿಮೆ ಅಪಾಯದ ಗುಂಪಿಗೆ ಸೇರಿಸಿದೆ. ಯೂರೋಪಿನವರು 2017ರಲ್ಲಿ ಯಕೃತ್ತಿನ ಸ್ಕ್ಯಾನ್‌ಗೆ ಮಾತ್ರ ಉಳಿಸಿಕೊಂಡರು. ಮಿದುಳಿನಲ್ಲಿ ಗ್ಯಾಡೊಲಿನಿಯಂ ಉಳಿಯುತ್ತದೆ ಎಂದು ಜಪಾನಿನ ವೈದ್ಯರು 2014ರಲ್ಲಿ ತೋರಿಸಿದ ಮೇಲೆ ಆದ ನಿರ್ಧಾರ ಅದು. ಹಾಗೆ ಉಳಿದ ಲೋಹದಿಂದ ಮಿದುಳಿಗೆ ಕೆಡುಕಾಗಿದೆ ಎಂದು ಸಾಬೀತಾಗಿಲ್ಲ. ಆದರೂ ಆಯ್ಕೆ ನನ್ನ ಕೈಯಲ್ಲಿದ್ದರೆ ಉಂಗುರದ ಔಷಧವನ್ನೇ ಬರೆಯುತ್ತೇನೆ.

ಎಂಆರ್‌ಐ ತಂತ್ರಜ್ಞ, ಸರಸ್ವತಿಪುರಂ (ಮಂಗಳವಾರ, ರಾತ್ರಿ 9.00)

ಹದಿಮೂರು ವರ್ಷದಿಂದ ಯಂತ್ರದ ಪಕ್ಕದಲ್ಲಿ ನಿಂತವನು ನಾನು. ವೈದ್ಯರು ಹೇಳಿದ್ದಕ್ಕೆ ಯಂತ್ರದ ಕಡೆಯ ಮಾತು ಸೇರಿಸುತ್ತೇನೆ.

ಶ್ವಾಸಕೋಶ ಎಂಆರ್‌ಐಗೆ ಎಲ್ಲಕ್ಕಿಂತ ಕಠಿಣವಾದ ಅಂಗ. ಅದರೊಳಗೆ ಇರುವುದು ಬಹುಪಾಲು ಗಾಳಿ. ಎಂಆರ್‌ಐಗೆ ಬೇಕಾದ ನೀರಿನ ಅಂಶ ಕಡಿಮೆ. ಜೊತೆಗೆ ಒಂದು ಕಡೆ ಹೃದಯದ ಬಡಿತ, ಇನ್ನೊಂದು ಕಡೆ ಉಸಿರಿನ ಏರಿಳಿತ. ಸಿಟಿ ಕೆಲವೇ ಸೆಕೆಂಡುಗಳಲ್ಲಿ ಎದೆಯನ್ನು ದಾಟಿಬಿಡುತ್ತದೆ. ನಮ್ಮಲ್ಲಿ ರೋಗಿ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬೇಕು. ಹೆಪ್ಪಿನಿಂದ ಏದುಸಿರು ಬಿಡುತ್ತಿರುವವರನ್ನು ಉಸಿರು ಹಿಡಿಯಿರಿ ಎನ್ನುವುದು ಎಷ್ಟು ಕಷ್ಟವೆಂದು ಪ್ರತಿ ಸಲವೂ ಕಣ್ಣಾರೆ ನೋಡುತ್ತೇನೆ.

ಕಾಂಟ್ರಾಸ್ಟ್ ಕೈಯ ರಕ್ತನಾಳದಿಂದ ಹೃದಯ ದಾಟಿ ಶ್ವಾಸಕೋಶದ ಅಪಧಮನಿಗೆ ತಲುಪಿದ ಆ ಕೆಲವು ಸೆಕೆಂಡುಗಳಲ್ಲೇ ಚಿತ್ರ ತೆಗೆಯಬೇಕು. ರಕ್ತ ಬೆಳ್ಳಗೆ, ಹೆಪ್ಪಿರುವ ಜಾಗ ಕಪ್ಪಗೆ ಕಾಣುತ್ತದೆ. ತಡವಾದರೆ ಔಷಧ ಅಭಿಧಮನಿಗೂ ತುಂಬಿಕೊಂಡು ಎಲ್ಲ ಬೆಳ್ಳಗಾಗುತ್ತದೆ, ಬೇಗ ತೆಗೆದರೆ ಏನೂ ಕಾಣುವುದಿಲ್ಲ.

ಪ್ರಮಾಣದ ಲೆಕ್ಕವನ್ನೂ ತಿಳಿದಿರಲಿ. ಗ್ಯಾಡೊಬ್ಯುಟ್ರಾಲ್ ಸೀಸೆಯಲ್ಲಿ ಇಮ್ಮಡಿ ಸಾಂದ್ರವಾಗಿ ಬರುತ್ತದೆ. 60 ಕಿಲೋ ತೂಗುವವರಿಗೆ ಸಾಮಾನ್ಯ ಪ್ರಮಾಣ 6 ಮಿಲಿ. ಗ್ಯಾಡೊಟೆರೇಟ್ ಆದರೆ 12 ಮಿಲಿ. ಎರಡರಲ್ಲೂ ಇರುವ ಗ್ಯಾಡೊಲಿನಿಯಂ ಸಮವೇ. ಮಿಲಿ ಕಡಿಮೆ ಎಂದು ಲೋಹವೂ ಕಡಿಮೆ ಎಂದುಕೊಳ್ಳಬೇಡಿ. ನಿಜವಾಗಿ ಅರ್ಧ ಲೋಹದಲ್ಲಿ ಕೆಲಸ ಮಾಡುವುದು ಗ್ಯಾಡೊಪಿಕ್ಲೆನಾಲ್, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು, ಅದೂ ಉಂಗುರದ ಜಾತಿಯದೇ.

ಗಂಜಾಂ ಗೆಳೆಯ (ಮಂಗಳವಾರ, ರಾತ್ರಿ 9.45)

ಗ್ಯಾಡೊಲಿನಿಯಂ ಇಲ್ಲದ ಕಬ್ಬಿಣದ ಕಾಂಟ್ರಾಸ್ಟ್ ಇದೆ ಎಂದು ಓದಿದ್ದೇನೆ. ಕಿಡ್ನಿ ರೋಗಿಗಳಿಗೆ ಅದನ್ನೇ ಕೊಡಬಹುದಲ್ಲವೇ?

ರೇಡಿಯಾಲಜಿ ವೈದ್ಯೆ, ಮೈಸೂರು (ಬುಧವಾರ, ಬೆಳಿಗ್ಗೆ 7.05)

ಒಳ್ಳೆಯ ಪ್ರಶ್ನೆ. ನನ್ನ ಮನಸ್ಸಿಗೆ ಹತ್ತಿರವಾದ ವಿಷಯವೂ ಹೌದು.

ಅದು ಫೆರುಮಾಕ್ಸಿಟಾಲ್. ಹುಟ್ಟಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ ಕಬ್ಬಿಣ ಕೊಡುವ ಔಷಧವಾಗಿ. ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಕಣ ದೊಡ್ಡದಾದುದರಿಂದ ರಕ್ತನಾಳದಿಂದ ಸೋರುವುದಿಲ್ಲ, ಅರ್ಧದಷ್ಟು ಕಡಿಮೆಯಾಗಲು ಸುಮಾರು 15 ಗಂಟೆ ಬೇಕು. ಕಿಡ್ನಿಯ ದಾರಿ ಹಿಡಿಯದೆ ಯಕೃತ್ತು, ಗುಲ್ಮಗಳ ಜೀವಕೋಶಗಳು ಅದನ್ನು ನುಂಗಿ ದೇಹದ ಕಬ್ಬಿಣಕ್ಕೆ ಸೇರಿಸುತ್ತವೆ. ಮೇಲಿನ ತಂತ್ರಜ್ಞರು ಹೇಳಿದ ಸೆಕೆಂಡುಗಳ ಓಟ ಇಲ್ಲಿ ಇಲ್ಲ. ರೋಗಿ ಕೆಮ್ಮಿದರೆ ಮತ್ತೆ ತೆಗೆಯಬಹುದು, ಅದೇ ಸರದಿಯಲ್ಲಿ ಕಾಲಿನ ಅಭಿಧಮನಿಯನ್ನೂ ನೋಡಬಹುದು. ಕಾಲಿನಲ್ಲಿ ಹುಟ್ಟಿ ಶ್ವಾಸಕೋಶಕ್ಕೆ ಹೋಗುವ ಕಾಯಿಲೆಗೆ ಇದಕ್ಕಿಂತ ಹೊಂದುವ ಗುಣ ಬೇರೆ ಬೇಕೇ? ಆದರೆ 2015ರಲ್ಲಿ ಇದಕ್ಕೂ ಗಂಭೀರ ಎಚ್ಚರಿಕೆ ಬಂತು. ಜೀವಕ್ಕೆ ಎರವಾಗುವ ಅಲರ್ಜಿ ಕೆಲವರಿಗೆ ಆಗಿದೆ. ನಿಧಾನವಾಗಿ ಇಳಿಸಿ, ನಂತರ ಕನಿಷ್ಠ ಅರ್ಧ ಗಂಟೆ ಪಕ್ಕದಲ್ಲಿದ್ದು ನೋಡಿಕೊಳ್ಳಬೇಕು. ಮುಂದಿನ ಮೂರು ತಿಂಗಳವರೆಗೆ ಬೇರೆ ಎಂಆರ್‌ಐ ಚಿತ್ರಗಳನ್ನೂ ಅದು ಬದಲಿಸಬಹುದು. ಶ್ವಾಸಕೋಶದ ಹೆಪ್ಪು ನೋಡುವ ಸ್ಕ್ಯಾನ್‌ಗೆ ಬಳಸುವುದು ಅದರ ಅಧಿಕೃತ ಉಪಯೋಗವಲ್ಲ.

ಇದೇ ಗುಣವಿದ್ದ ಗ್ಯಾಡೊಲಿನಿಯಂ ಔಷಧ ಒಂದಿತ್ತು, ಗ್ಯಾಡೊಫೊಸ್ವೆಸೆಟ್. ಆಲ್ಬುಮಿನ್‌ಗೆ ಬಲವಾಗಿ ಅಂಟಿಕೊಂಡು ರಕ್ತದಲ್ಲೇ ಉಳಿಯುತ್ತಿತ್ತು. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಬಳಸುವವರು ಸಾಲದೆ ಮಾರುಕಟ್ಟೆಯಿಂದ ಹೋಯಿತು. ನನಗೆ ಇಂದಿಗೂ ಅದರ ಬಗ್ಗೆ ಬೇಸರವಿದೆ.

ಹೆಪ್ಪಿನ ನಾರಾದ ಫೈಬ್ರಿನ್ ಅನ್ನೇ ಹುಡುಕಿಕೊಂಡು ಹೋಗಿ ಅಂಟುವ ಔಷಧವನ್ನೂ ಮಾಡಿದ್ದರು. ಒಂದು ಪೆಪ್ಟೈಡ್‌ಗೆ, ಅಂದರೆ ಪ್ರೋಟೀನಿನಂಥ ಸಣ್ಣ ಸರಪಳಿಗೆ, ನಾಲ್ಕು ಗ್ಯಾಡೊಲಿನಿಯಂ ಕಟ್ಟಿದ್ದು. ಅದು ಸಿಕ್ಕಿದ್ದರೆ ಹೆಪ್ಪು ಕಪ್ಪಗೆ ಕಾಣುವ ಬದಲು ತಾನೇ ಬೆಳಗುತ್ತಿತ್ತು. ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದರೂ ಆಸ್ಪತ್ರೆಗೆ ಬರಲಿಲ್ಲ.

ವಿಜಯನಗರ ನಾಲ್ಕನೇ ಹಂತ (ಬುಧವಾರ, ಬೆಳಿಗ್ಗೆ 9.30)

ನಾನು ಅವಸರದಲ್ಲಿ ಬರೆದೆ, ಕ್ಷಮಿಸಿ. ಹಾಗಾದರೆ ಎಂಆರ್‌ಐ ಹೆಪ್ಪನ್ನು ಎಷ್ಟರಮಟ್ಟಿಗೆ ಹಿಡಿಯುತ್ತದೆ? ಅಂಕಿ ಇದ್ದರೆ ಹೇಳಿ.

ರೇಡಿಯಾಲಜಿ ವೈದ್ಯೆ, ಮೈಸೂರು (ಬುಧವಾರ, ಮಧ್ಯಾಹ್ನ 1.45)

ಕ್ಷಮೆ ಏಕೆ, ಎಲ್ಲರೂ ಹಾಗೆಯೇ ಅಂದುಕೊಂಡಿರುತ್ತಾರೆ. 2002ರಲ್ಲಿ ನೆದರ್ಲೆಂಡ್ಸಿನ ವೈದ್ಯರು 141 ರೋಗಿಗಳಲ್ಲಿ ನೋಡಿದರು. ದೊಡ್ಡ ಅಪಧಮನಿಯ ಹೆಪ್ಪು ಎಲ್ಲವೂ ಸಿಕ್ಕಿತು, ಮಧ್ಯಮ ಕವಲುಗಳಲ್ಲಿ ಶೇ. 84, ಸಣ್ಣ ಕವಲುಗಳಲ್ಲಿ ಶೇ. 40 ಮಾತ್ರ. 2010ರಲ್ಲಿ ಏಳು ಆಸ್ಪತ್ರೆಗಳ ಪಯೋಪೆಡ್ ಮೂರನೇ ಅಧ್ಯಯನದಲ್ಲಿ 371 ಜನರಿದ್ದರು. ಅವರಲ್ಲಿ ನಾಲ್ಕನೆಯ ಒಂದು ಭಾಗದವರ ಚಿತ್ರಗಳು ಓದಲು ಬಾರದಷ್ಟು ಕೆಟ್ಟಿದ್ದವು. ಚೆನ್ನಾಗಿ ಬಂದ ಚಿತ್ರಗಳಲ್ಲಿ ಹೆಪ್ಪಿದ್ದವರಲ್ಲಿ ಶೇ. 78 ಜನರನ್ನು ಗುರುತಿಸಲಾಯಿತು. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಶೇ. 57. ಆದರೆ ಹೆಪ್ಪಿದೆ ಎಂದು ಎಂಆರ್‌ಐ ಹೇಳಿದಾಗ ಅದು ಸುಳ್ಳಾಗುವುದು ಬಲು ಅಪರೂಪ. ಇಲ್ಲ ಎಂದಾಗ ಮಾತ್ರ ಅದನ್ನೇ ನಂಬಿ ರೋಗಿಯನ್ನು ಮನೆಗೆ ಕಳುಹಿಸಲಾಗದು. ಔಷಧ ಬದಲಿಸಿದ ಮಾತ್ರಕ್ಕೆ ಈ ಕೊರತೆ ತೀರುವುದಿಲ್ಲ. ರೋಗಿ ಉಸಿರು ಹಿಡಿಯಲಾಗದಿದ್ದರೆ ಅತ್ಯುತ್ತಮ ಗ್ಯಾಡೊಲಿನಿಯಂ ಕೂಡ ಮಸುಕು ಚಿತ್ರವನ್ನೇ ಕೊಡುತ್ತದೆ. ಎದೆನೋವು, ಏದುಸಿರು ಹೊಸದಾಗಿ ಬಂದವರಿಗೆ ಕಾಂಟ್ರಾಸ್ಟ್ ಸಿಟಿಯೇ ಮೊದಲ ಆಯ್ಕೆಯಾಗಿ ಉಳಿದಿರುವುದು ಈ ಕಾರಣದಿಂದ.

ಕುವೆಂಪುನಗರದ ಅಕ್ಕ (ಬುಧವಾರ, ಸಂಜೆ 6.20)

ಮೇಡಂ, ನನ್ನ ನಾದಿನಿ ಏಳು ತಿಂಗಳ ಗರ್ಭಿಣಿ. ಎಡಗಾಲು ಊದಿಕೊಂಡಿದೆ, ನಿನ್ನೆಯಿಂದ ಸ್ವಲ್ಪ ಉಸಿರೂ ಕಟ್ಟುತ್ತಿದೆ. ಸಿಟಿ ಎಂದರೆ ಮನೆಯವರೆಲ್ಲ ಹೆದರುತ್ತಿದ್ದಾರೆ. ಎಂಆರ್‌ಐ ಮಾಡಿಸಬಹುದೇ?

ರೇಡಿಯಾಲಜಿ ವೈದ್ಯೆ, ಮೈಸೂರು (ಬುಧವಾರ, ಸಂಜೆ 6.28)

ಇದನ್ನು ಓದಿದ ಕೂಡಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆಗೆ ಇಡಬೇಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಗರ್ಭಿಣಿಗೆ ಮೊದಲು ಕಾಲಿನ ಡಾಪ್ಲರ್. ಅದರಲ್ಲಿ ವಿಕಿರಣವೂ ಇಲ್ಲ, ಚುಚ್ಚುಮದ್ದೂ ಇಲ್ಲ. ಹೆಪ್ಪು ಸಿಕ್ಕರೆ ಅಲ್ಲಿಂದಲೇ ಹೆಪಾರಿನ್ ಆರಂಭಿಸುತ್ತಾರೆ, ಅದು ಮಗುವಿಗೆ ದಾಟುವುದಿಲ್ಲ. ಸಿಗದಿದ್ದರೆ ಎದೆಯ ಎಕ್ಸ್‌ರೇ, ಆಮೇಲೆ ಕಡಿಮೆ ಪ್ರಮಾಣದ ವಿ-ಕ್ಯೂ ಅಥವಾ ಸಿಟಿ. ಎರಡರಲ್ಲೂ ಮಗುವಿಗೆ ತಲುಪುವ ವಿಕಿರಣ ಬಹಳ ಕಡಿಮೆ. ಪತ್ತೆಯಾಗದ ಹೆಪ್ಪು ತಾಯಿ ಮಗು ಇಬ್ಬರಿಗೂ ಅದಕ್ಕಿಂತ ಎಷ್ಟೋ ಪಾಲು ಅಪಾಯ. ಗ್ಯಾಡೊಲಿನಿಯಂ ಮಾತ್ರ ಗರ್ಭದಲ್ಲಿ ಬೇಡ, ಅದು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ. ಕಾಂಟ್ರಾಸ್ಟ್ ಇಲ್ಲದೆ ರಕ್ತವೇ ಬೆಳ್ಳಗೆ ಕಾಣುವ ಎಂಆರ್‌ಐ ವಿಧಾನವೂ ಇದೆ, ದೊಡ್ಡ ಅಪಧಮನಿಗಳಿಗೆ ಪರವಾಗಿಲ್ಲ, ಸಣ್ಣವು ತಪ್ಪಿಹೋಗುತ್ತವೆ.

ಕುವೆಂಪುನಗರದ ಅಕ್ಕ (ಬುಧವಾರ, ರಾತ್ರಿ 11.50)

ಡಾಪ್ಲರ್‌ನಲ್ಲಿ ತೊಡೆಯ ಹತ್ತಿರ ಹೆಪ್ಪು ಸಿಕ್ಕಿತು. ದಾಖಲು ಮಾಡಿಕೊಂಡು ಇಂಜೆಕ್ಷನ್ ಕೊಟ್ಟಿದ್ದಾರೆ. ಮಗುವಿನ ಎದೆಬಡಿತ ಚೆನ್ನಾಗಿದೆ. ಮೇಡಂ, ನಿಮ್ಮ ಕಾಲಿಗೆ ನಮಸ್ಕಾರ.

ಗಂಜಾಂ ಗೆಳೆಯ (ಗುರುವಾರ, ಬೆಳಿಗ್ಗೆ 7.30)

ಮೀನು ತಿಂದರೆ ಮೈ ತುರಿಸುವವರಿಗೆ ಸಿಟಿಯ ಅಯೋಡಿನ್ ಡೈ ಆಗುವುದಿಲ್ಲ, ಅಂಥವರು ಎಂಆರ್‌ಐಗೆ ಹೋಗಬೇಕು ಎನ್ನುತ್ತಾರೆ. ನಿಜವೇ?

ರೇಡಿಯಾಲಜಿ ವೈದ್ಯೆ, ಮೈಸೂರು (ಗುರುವಾರ, ಬೆಳಿಗ್ಗೆ 8.00)

ನಿಜವಲ್ಲ. ಮೀನು, ಸೀಗಡಿಯ ಅಲರ್ಜಿ ಅವುಗಳ ಪ್ರೋಟೀನಿನಿಂದ, ಅಯೋಡಿನ್‌ನಿಂದ ಅಲ್ಲ. ಹಿಂದೆ ಡೈ ಕೊಟ್ಟಾಗಲೇ ತೊಂದರೆಯಾಗಿದ್ದರೆ ಮಾತ್ರ ತಪ್ಪದೆ ಹೇಳಿ.

ಲಷ್ಕರ್ ಮೊಹಲ್ಲಾ ಮನೆಮಗಳು (ಗುರುವಾರ, ಮಧ್ಯಾಹ್ನ 3.15)

ನನ್ನದೊಂದು ಅನುಭವ. ಕಳೆದ ವರ್ಷ ಅಮ್ಮನಿಗೆ ಒಂದು ಸ್ಕ್ಯಾನ್ ಕೇಂದ್ರದಲ್ಲಿ ಎದೆಯ ಎಂಆರ್‌ಐ ಮಾಡಿಸಿದೆವು. ಉಸಿರು ಹಿಡಿಯಬೇಕು ಎಂದು ಒಳಗೆ ಹೋಗುವವರೆಗೂ ಯಾರೂ ಹೇಳಲಿಲ್ಲ. ಅಮ್ಮ ಗಾಬರಿಯಾದರು, ಚಿತ್ರ ಕೆಟ್ಟಿತು, ಮತ್ತೊಮ್ಮೆ ಔಷಧ ಕೊಡಬೇಕಾಯಿತು. ಯಾವ ಔಷಧ ಎಂದು ರಸೀದಿಯಲ್ಲೂ ಇಲ್ಲ, ವರದಿಯಲ್ಲೂ ಇಲ್ಲ. "ಕಾಂಟ್ರಾಸ್ಟ್" ಎಂದಷ್ಟೇ ಇತ್ತು. ಈಗ ಬೇರೆ ವೈದ್ಯರು ಹೆಸರು ಕೇಳಿದಾಗ ನಮ್ಮ ಬಳಿ ಉತ್ತರವಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಎಂಆರ್‌ಐ ತಂತ್ರಜ್ಞ, ಸರಸ್ವತಿಪುರಂ (ಗುರುವಾರ, ರಾತ್ರಿ 8.40)

ಓದಿ ನೋವಾಯಿತು. ನಾನು ರೋಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಎದೆಯ ಮೇಲೆ ಕೈಯಿಡಿಸಿ ನಾಲ್ಕೈದು ಸಲ ಅಭ್ಯಾಸ ಮಾಡಿಸುತ್ತೇನೆ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುವುದು ಕೆಲವರಿಗೆ ಸುಲಭ. ಮೂಗಿಗೆ ಆಮ್ಲಜನಕ ಕೊಟ್ಟರೆ ಇನ್ನೂ ಐದಾರು ಸೆಕೆಂಡು ಸಿಗುತ್ತದೆ. ಸೀಸೆಯ ಮೇಲೆ ಅಂಟುಚೀಟಿ ಇರುತ್ತದೆ, ಅದನ್ನು ಕಿತ್ತು ಫೈಲಿಗೆ ಅಂಟಿಸಿಕೊಡಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಆಲೆಮನೆ ಪಾಂಡವಪುರ (ಮರುವಾರ ಶನಿವಾರ, ಸಂಜೆ 7.10)

ಎಲ್ಲರಿಗೂ ತಿಳಿಸಬೇಕಾದದ್ದಿದೆ. ಮೈಸೂರಿನಲ್ಲಿ ವಿ-ಕ್ಯೂ ಸ್ಕ್ಯಾನ್ ಮಾಡಿಸಿದೆವು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಎರಡು ಕಡೆ ಗಾಳಿ ಹೋಗುತ್ತಿದೆ, ರಕ್ತ ಹೋಗುತ್ತಿಲ್ಲ. ಅಂದರೆ ಹಳೆಯ ಹೆಪ್ಪು ಉಳಿದಿದೆ. ಕೇಳಿದಾಗ ಕಾಲು ಕುಸಿದಂತಾಯಿತು, ಆದರೆ ಮೇಡಂ ಬರೆದದ್ದನ್ನು ಓದಿದ್ದರಿಂದ ವೈದ್ಯರ ಮಾತು ಅರ್ಥವಾಯಿತು. ಶಸ್ತ್ರಚಿಕಿತ್ಸೆಯಿಂದ ಆ ಹೆಪ್ಪನ್ನು ಬಿಡಿಸಿ ತೆಗೆಯಲು ಬರುತ್ತದೆಯೇ ಎಂದು ತೀರ್ಮಾನಿಸಲು ರಕ್ತನಾಳದ ನಕ್ಷೆ ಬೇಕಂತೆ. ಕಿಡ್ನಿ ತಜ್ಞರೂ ಕೂತು ಮಾತನಾಡಿ ಎಂಆರ್‌ಐ ಬರೆದರು. ಚೀಟಿಯಲ್ಲಿ ಔಷಧದ ಹೆಸರನ್ನೂ ಅವರೇ ಬರೆದರು: ಗ್ಯಾಡೊಬ್ಯುಟ್ರಾಲ್. ಸೋದರಮಾವನಿಗೆ ಮೇಷ್ಟ್ರು ಹೇಳಿದ ನೆಲುವಿನ ಮಾತನ್ನು ಹೇಳಿದೆ. ನೆಲುವು ಅವರ ಮನೆಯಲ್ಲಿಯೂ ಇತ್ತು, ತಕ್ಷಣ ಒಪ್ಪಿದರು.

ಇವತ್ತು ಬೆಳಿಗ್ಗೆ ಸ್ಕ್ಯಾನ್ ಆಯಿತು. ಮೂರು ದಿನದಿಂದ ತಂದೆ ಜಗುಲಿಯ ಮೇಲೆ ಕುಳಿತು ಉಸಿರು ಹಿಡಿಯುವ ಅಭ್ಯಾಸ ಮಾಡುತ್ತಿದ್ದರು, ನಾನು ಗಡಿಯಾರ ನೋಡಿ ಎಣಿಸುತ್ತಿದ್ದೆ. ಮೊದಲ ದಿನ ಒಂಬತ್ತು ಸೆಕೆಂಡು, ನಿನ್ನೆ ಹದಿನೇಳು. ಚಿತ್ರ ಚೆನ್ನಾಗಿ ಬಂದಿದೆ ಎಂದರು. ವರದಿ ಸೋಮವಾರ ಸಿಗುತ್ತದೆ. ಸೀಸೆಯ ಚೀಟಿಯನ್ನು ಕೇಳಿ ಪಡೆದು ಫೈಲಿನ ಮೊದಲ ಪುಟದಲ್ಲಿ ಅಂಟಿಸಿದ್ದೇನೆ.